ಮೆಕ್‌ಗ್ರೆಗರ್ ಮನೆತನದ ಮೂಲ ಹುಡುಕುವವರು ತಾಯಂದಿರ ಹೆಸರನ್ನು ಬಿಡಬೇಡಿ

ನಿಮ್ಮ ಯಜಮಾನರ, ಹಿಂದೆ ಕೆನಡಾಕ್ಕೆ ಬಂದ ಮೆಕ್‌ಗ್ರೆಗರ್ ಮನೆತನದ ಮೂಲ ಊರು ತಿಳಿಯಲು ಡಿಎನ್‌ಎ ಪರೀಕ್ಷೆ ಮಾಡಿಸುವುದೋ, ವಂಶಾವಳಿ ತಜ್ಞರನ್ನು ಹಿಡಿಯುವುದೋ ಎಂದು ಕೇಳಿದ್ದೀರಿ. ನಾನೂ ಮೆಕ್‌ಗ್ರೆಗರ್ ಮನೆಯ ಸೊಸೆ, ಕೆನಡಾದ ನೋವಾಸ್ಕೋಷಿಯಾದಲ್ಲಿದ್ದೇನೆ. ಮಾವನವರ ಪೂರ್ವಿಕರ ಊರು ನೋಡಬೇಕೆಂಬುದು ನಮ್ಮ ಅತ್ತೆಯವರ ಆಸೆ. ಹುಡುಕುವ ಕೆಲಸವನ್ನು ನಾನು ವಹಿಸಿಕೊಂಡೆ.

ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದ ನಮ್ಮ ಹಿರಿಯರು ಹುಟ್ಟಿದ್ದು 1770ರ ಸುಮಾರಿಗೆ. ಮನೆಯ ಹಳೆಯ ಬೈಬಲಿನಲ್ಲಿ ಅವರ ತಾಯಿಯ ಹೆಸರಿತ್ತು. ಅಲ್ಲಿನ ಪರ್ತ್‌ಶೈರಿನ ಕಾಮ್ರಿ ಪ್ಯಾರಿಷಿನ (ಒಂದು ಚರ್ಚಿನ ವ್ಯಾಪ್ತಿಯ ಊರು) ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ಸಾಲು ಕಣ್ಣಿಗೆ ಬಿದ್ದಿತ್ತು: ಮಗುವಿನ ಹೆಸರು ಸರಿ, ತಾಯಿಯ ಹೆಸರು ಸರಿ, ತಂದೆ ಮಾತ್ರ ಡ್ರಮಂಡ್. ಬೇರೆ ಮನೆಯವರೆಂದು ಬಿಟ್ಟೆ. ಬಲ್‌ವಿಡರ್ ಪ್ಯಾರಿಷಿನಲ್ಲಿ ಕೆಲವು ವರ್ಷ ಈಚಿನ ಇನ್ನೊಂದು ನಮೂದು ಸಿಕ್ಕಿತು. ಅಲ್ಲಿ ತಾಯಿಯ ಹೆಸರೇ ಇರಲಿಲ್ಲ. ಆದರೆ ಮೆಕ್‌ಗ್ರೆಗರ್ ಎಂದಿತ್ತು, ಜೊತೆಗೆ ಮೆಕ್‌ಗ್ರೆಗರ್ ಕುಲದ ಹೆಸರಾಂತ ವೀರ ರಾಬ್ ರಾಯ್ ಮಣ್ಣಾದ ಊರು. ಹಿಗ್ಗಿ ಅದನ್ನೇ ಹಿಡಿದೆ. ಅತ್ತೆಯವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನಮಗೆ ಸಂಬಂಧವೇ ಇಲ್ಲದವರ ಸಮಾಧಿಗೆ ಅವರು ಕೈಮುಟ್ಟಿ ನಮಸ್ಕರಿಸಿದರು.

ನನಗೆ ಇತಿಹಾಸ ಗೊತ್ತಿರಲಿಲ್ಲ ಎಂದಲ್ಲ. ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಕಹೂನ್ ಕುಲದವರೊಡನೆ ನಡೆದ ಕಾಳಗದ ನಂತರ, 1603ರ ಏಪ್ರಿಲ್‌ನಲ್ಲಿ, ಮೆಕ್‌ಗ್ರೆಗರ್ ಎಂಬ ಹೆಸರನ್ನೇ ನಿಷೇಧಿಸಲಾಯಿತು. ಹೆಸರು ಬಿಡದವರಿಗೆ ಮರಣದಂಡನೆ. 1661ರಲ್ಲಿ ತೆರವಾದ ನಿಷೇಧ 1693ರಲ್ಲಿ ಮರಳಿ ಬಂದು 1774ರವರೆಗೂ ಇತ್ತು. ಜನ ಕ್ಯಾಂಬೆಲ್, ಗ್ರಹಾಂ, ಮರ್ರೆ, ಡ್ರಮಂಡ್ ಎಂದು ಬರೆಸಿಕೊಂಡರು. ರಾಬ್ ರಾಯ್ ಕೂಡ ತಾಯಿಯ ಕಡೆಯ ಕ್ಯಾಂಬೆಲ್ ಹೆಸರನ್ನು ಬಳಸಿದ. 1786ರಲ್ಲಿ ನಮ್ಮ ಪಿಕ್ಟು ಊರಿಗೆ ಬಂದ ಪಾದ್ರಿಯ ಪೂರ್ಣ ಹೆಸರೇ ಜೇಮ್ಸ್ ಡ್ರಮಂಡ್ ಮೆಕ್‌ಗ್ರೆಗರ್! ಇಷ್ಟೆಲ್ಲ ಓದಿಯೂ, ನಿಷೇಧವಿದ್ದಾಗ ಹುಟ್ಟಿದ ಕೂಸಿನ ಅಪ್ಪ ಮೆಕ್‌ಗ್ರೆಗರ್ ಎಂದು ಬರೆಸಿರಲಾರ ಎಂಬುದು ನನಗೆ ಹೊಳೆಯಲಿಲ್ಲ. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಮದುವೆಯಾದ ಹೆಣ್ಣಿಗೆ ಸಾಮಾನ್ಯವಾಗಿ ತವರಿನ ಹೆಸರೇ ಇರುತ್ತದೆ. ಗಂಡಸರ ಹೆಸರು ರಾಜಾಜ್ಞೆಗೆ ಬದಲಾಗುತ್ತಿದ್ದ ಕಾಲದಲ್ಲಿ ಗಟ್ಟಿ ಆಧಾರ ಅದೊಂದೇ. ಅದು ನನ್ನ ಕೈಯಲ್ಲೇ ಇತ್ತು, ನಾನು ಬಿಟ್ಟೆ.

ನಿಜ ತಿಳಿದದ್ದು ಸ್ಕಾಟ್ಲೆಂಡಿನಲ್ಲೇ ಉಳಿದಿದ್ದ ಆ ಹಿರಿಯರ ತಮ್ಮನ ಮರಣ ದಾಖಲೆಯಿಂದ. ಅಲ್ಲಿ ಸರ್ಕಾರಿ ನೋಂದಣಿ ಆರಂಭವಾದದ್ದು 1855ರ ಜನವರಿಯಲ್ಲಿ. ಆ ಮೊದಲ ವರ್ಷ ಮಾತ್ರ ಸತ್ತವರ ಹುಟ್ಟೂರನ್ನೂ ಬರೆಯುತ್ತಿದ್ದರು. ತಮ್ಮ ತೀರಿಕೊಂಡದ್ದು ಅದೇ ವರ್ಷ. ಹುಟ್ಟಿದ್ದು ಕಾಮ್ರಿ, ತಾಯಿ ಬೈಬಲಿನಲ್ಲಿದ್ದ ಅದೇ ಹೆಂಗಸು. ಅಷ್ಟು ಹೊತ್ತಿಗೆ ಅತ್ತೆಯವರಿಗೆ ಮತ್ತೊಮ್ಮೆ ವಿಮಾನ ಹತ್ತುವ ಶಕ್ತಿ ಉಳಿದಿರಲಿಲ್ಲ.

ಆದ್ದರಿಂದ ಇಡೀ ಮನೆತನಕ್ಕೆ ಒಂದು ಮೂಲ ಊರು ಎಂಬ ಆಲೋಚನೆಯನ್ನೇ ಬಿಡಿ. ಕುಲದ ನಕ್ಷೆಗಳು ತೋರಿಸುವ ಗ್ಲೆನ್ ಆರ್ಕಿ, ಗ್ಲೆನ್ ಸ್ಟ್ರೇ ಕಣಿವೆಗಳ ಒಡೆತನ ಕ್ಯಾಂಬೆಲ್ಲರ ಪಾಲಾಗಿ ಮೆಕ್‌ಗ್ರೆಗರ್‌ಗಳು ಚದುರಿದವರು. ಪರೀಕ್ಷೆ, ತಜ್ಞರು ಆಮೇಲಿರಲಿ. ಮೊದಲು ಕೆನಡಾದಲ್ಲಿ ನಿಮ್ಮವರ ಅತ್ಯಂತ ಹಳೆಯ ಸಮಾಧಿಕಲ್ಲನ್ನು ಹುಡುಕಿ; ಇಂಥ ಪ್ಯಾರಿಷಿನವರು ಎಂದು ಅದರಲ್ಲೇ ಕೆತ್ತಿರುವುದುಂಟು. ಅದು ಪರ್ತ್‌ಶೈರಿನ ಪ್ಯಾರಿಷ್ ಆಗಿದ್ದರೆ ಇಲ್ಲೇ ಬರೆಯಿರಿ, ದಾಖಲೆಯ ಕೈಬರಹ ಓದಲು ನಾನು ನೆರವಾಗುತ್ತೇನೆ.