ಕಡಲ ಬದಿಯ ಚರ್ಚು ಮತ್ತು ಯುದ್ಧಸ್ಮಾರಕ ಫಲಕ

ಪ್ರಶ್ನೆ: ಉಡುಪಿ ಸಮೀಪ ಕಡಲ ಬದಿಯಲ್ಲಿರುವ ನಮ್ಮ ಹಳೆಯ ಚರ್ಚಿನ ಕೆಂಪುಕಲ್ಲಿನ ಗೋಡೆಗೆ ಹಿಂದೊಮ್ಮೆ ಸಿಮೆಂಟ್ ಗಾರೆ ಮಾಡಿಸಿದ್ದು, ಈಗ ಪ್ರತಿ ಮಳೆಗಾಲದ ನಂತರ ಅದು ಬಿಳಿ ಪುಡಿ ಬಿಟ್ಟು ಹೆಕ್ಕಳಿಕೆ ಏಳುತ್ತಿದೆ. ಬಾಗಿಲ ಪಕ್ಕದಲ್ಲಿ 1914–18ರ ಮಹಾಯುದ್ಧದಲ್ಲಿ ಮಡಿದವರ ಹೆಸರುಗಳ ಅಮೃತಶಿಲೆಯ ಫಲಕವಿದೆ. ಅದರ ಮೂಲೆಗಳು ಬಿರುಕು ಬಿಟ್ಟಿವೆ, ಅಕ್ಷರಗಳು ಮಾಸಿವೆ. ಗ್ರಾನೈಟಿನಲ್ಲಿ ಹೊಸ ಫಲಕ ಕೆತ್ತಿಸೋಣವೆಂದು ಪಾಲನಾ ಮಂಡಳಿಯ ಕೆಲವರು ಹೇಳುತ್ತಿದ್ದಾರೆ. ತಮ್ಮ ಸಲಹೆಯೇನು?
— ಓದುಗರೊಬ್ಬರು, ಉಡುಪಿ

ಉತ್ತರ: ದಯವಿಟ್ಟು ಹಳೆಯ ಫಲಕವನ್ನು ತೆಗೆದುಹಾಕಬೇಡಿ. ಆ ಹೆಸರುಗಳನ್ನು ಕಳೆದುಕೊಂಡ ಮನೆಯವರ ಕಾಲದಲ್ಲೇ ನೆಟ್ಟ ಕಲ್ಲಿನ ಜಾಗವನ್ನು ಎಷ್ಟೇ ಹೊಳಪಿನ ಗ್ರಾನೈಟೂ ತುಂಬಲಾರದು. ಮೂಲೆಗಳೇ ಬಿರಿದಿರುವುದರಿಂದ, ಫಲಕವನ್ನು ಹಿಡಿದಿರುವ ಕಬ್ಬಿಣದ ಕೊಂಡಿಗಳ ಮೇಲೆ ನನಗೆ ಅನುಮಾನ. ಉಪ್ಪುಗಾಳಿಗೆ ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಕಲ್ಲಿನ ಸಂರಕ್ಷಣೆ ಬಲ್ಲವರಿಂದ ಫಲಕವನ್ನು ಬಿಡಿಸಿ, ಉಪ್ಪುಗಾಳಿಗೆ ಸುಲಭವಾಗಿ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಂಡಿಗಳಲ್ಲಿ ಮತ್ತೆ ಕೂರಿಸಿರಿ. ಆಸಿಡ್ ಮಾತ್ರ ಮುಟ್ಟಿಸಬೇಡಿ. ಅಮೃತಶಿಲೆ ಅದರಲ್ಲಿ ಕರಗುತ್ತದೆ. ಶುದ್ಧ ನೀರು, ಮೃದುವಾದ ಬ್ರಷ್ ಸಾಕು. ಕತ್ತಲಾದ ಮೇಲೆ ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೆ, ಹಗಲಲ್ಲಿ ಕಾಣದ ಅಕ್ಷರದ ಗೀರುಗಳೂ ನೆರಳು ಬಿದ್ದು ಎದ್ದು ಕಾಣುತ್ತವೆ. ಹಾಗೆ ಓದಿದ ಹೆಸರುಗಳನ್ನು, ಮಹಾಯುದ್ಧಗಳಲ್ಲಿ ಮಡಿದ ಕಾಮನ್‌ವೆಲ್ತ್ ಯೋಧರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ದಾಖಲೆಗಳೊಂದಿಗೆ ತಾಳೆ ನೋಡಿ. ಅಕ್ಷರಗಳಿಗೆ ಮತ್ತೆ ಉಳಿ ಹಚ್ಚುವುದು ಬೇಡ, ಬಣ್ಣ ತುಂಬಿದರೆ ಸಾಕು.

ಗೋಡೆಯ ವಿಷಯದಲ್ಲಿ ತಪ್ಪು ಸಿಮೆಂಟಿನದು. ಕೆಂಪುಕಲ್ಲು ನೀರು ಹೀರಿ, ಬಿಸಿಲಿಗೆ ಆರುವ ಕಲ್ಲು. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ತಡೆದ ತೇವದಲ್ಲಿರುವ ಕಡಲಿನ ಉಪ್ಪು, ನೀರು ಆರಿದಾಗ ಕಲ್ಲಿನ ರಂಧ್ರಗಳಲ್ಲೇ ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಮೇಲೆ ಪ್ಲಾಸ್ಟಿಕ್ ಪೈಂಟ್ ಬಳಿದರಂತೂ ಕೇಡು ಇನ್ನೂ ಹೆಚ್ಚು. ಮೊದಲು ಮಾಡಿನ ಹಂಚು, ಮಳೆನೀರು ಹರಿಯುವ ದೋಣಿಗಳ ಸೋರಿಕೆ ಸರಿಪಡಿಸಿ. ಮಳೆ ನಿಂತ ಮೇಲೆ ಸಿಮೆಂಟನ್ನು ಯಂತ್ರವಿಲ್ಲದೆ ಕೈ ಉಳಿಯಿಂದ ಬಿಡಿಸಿ, ಕಾಗದದ ತಿರುಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಗೋಡೆಗೆ ಹಚ್ಚಿ, ಒಣಗಿದ ಮೇಲೆ ಕಿತ್ತರೆ ಉಪ್ಪು ಅದರೊಂದಿಗೆ ಬರುತ್ತದೆ. ಇದನ್ನು ಹಲವು ಸಲ ಮಾಡಬೇಕಾದೀತು. ಅನಂತರವೇ ಕೊಳೆಸಿದ (ನೀರಿನಲ್ಲಿ ಬಹುಕಾಲ ನೆನೆಸಿಟ್ಟ) ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ ಬಣ್ಣ. ವಾರ್ಷಿಕ ಹಬ್ಬಕ್ಕೆ ಮುಗಿಸಬೇಕೆಂದು ಮೇಸ್ತ್ರಿಯನ್ನು ಅವಸರಪಡಿಸಬೇಡಿ, ಏಕೆಂದರೆ ಸುಣ್ಣ ಗಾಳಿಯಿಂದ ನಿಧಾನವಾಗಿಯೇ ಗಟ್ಟಿಯಾಗುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳನ್ನು 1990ರ ದಶಕದಲ್ಲಿ ಇಂಟಾಕ್ (ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯನ್ನು ಕಾಪಾಡುವ ಭಾರತೀಯ ಸಂಸ್ಥೆ) ತಜ್ಞರು ಸಂರಕ್ಷಿಸಿದರು. ಕೆಲಸಕ್ಕೆ ಕೈಹಾಕುವ ಮೊದಲು ಆ ಸಂಸ್ಥೆಯನ್ನು ಸಂಪರ್ಕಿಸಿ.