ಕೋವಿ ಹಿಡಿದವರ ಕಿವಿ

ಪತ್ರ: ಹೋದ ಸಂಚಿಕೆಯ ‘ಹೊಳೆಸಾಲಿನ ಶಿಕಾರಿ’ ನೆನಪು ಓದಿ ಬೇಸರವಾಯಿತು. ಬಾತು, ಗೌಜಲಹಕ್ಕಿ ಕೊಂದಿದ್ದನ್ನು ಬಾಯಿ ಚಪ್ಪರಿಸಿ ಬರೆಯುವುದು, ನೀವು ಅಚ್ಚು ಹಾಕುವುದು, ಎರಡೂ ತಪ್ಪಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊಂದಿದ್ದು ತಪ್ಪೇ, ಒಪ್ಪಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೂ ಸಣ್ಣ ಬೇಟೆಗೆ ಲೈಸೆನ್ಸ್ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಒಳ್ಳೆಯದೇ ಆಯಿತು.

ಆದರೆ ಸ್ವಾಮಿ, ನಮ್ಮ ಸೋದರಮಾವನ ಕಥೆ ಕೇಳಿ. ತುಂಗಭದ್ರೆ ದಂಡೆಯ ಊರು, ಜೋಡುನಳಿಗೆ ಕೋವಿ. ನಸುಕಿನಲ್ಲಿ ನನ್ನನ್ನು ಜೊಂಡಿನ ಮರೆಯಲ್ಲಿ ಕೂರಿಸುತ್ತಿದ್ದ. ಮಂಜಿಗೆ ನನಗೇನೂ ಕಾಣದು. ಅವನು ಬರೀ ಸದ್ದು ಕೇಳಿ, ‘ಸಿಳ್ಳೆಬಾತು, ಬಿಡು, ರುಚಿಯಿಲ್ಲ’ ಅನ್ನುತ್ತಿದ್ದ. ಗೌಜಲು ಕೂಗಿದರೆ ಯಾರ ಹೊಲದ ಬೇಲಿ ಅಂತ ಹೇಳುತ್ತಿದ್ದ. ಮೊಟ್ಟೆಯ ಕಾಲಕ್ಕೆ ಕೋವಿ ಅಟ್ಟ ಸೇರುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ಅತ್ತೆಯದು ಒಂದೇ ಮಾತು, ‘ಹಲ್ಲು ಜೋಪಾನ ಕಣೋ.’ ಮಾಂಸದಲ್ಲಿ ಸಿಕ್ಕಿ ಉಗುಳಿದ ಕೋವಿಯ ಚರೆಗುಂಡು ಕಂಚಿನ ತಟ್ಟೆಗೆ ಬಿದ್ದು ಟಿಣ್ ಅಂದದ್ದು ಇನ್ನೂ ಕಿವಿಯಲ್ಲಿದೆ.

ಪಕ್ಷಿತಜ್ಞ ಸಲೀಂ ಅಲಿಯವರನ್ನೇ ನೋಡಿ. ಹುಡುಗನಾಗಿದ್ದಾಗ ಏರ್‌ಗನ್‌ನಲ್ಲಿ ಹೊಡೆದ ಗುಬ್ಬಿಯ ಹಳದಿ ಕೊರಳು ಕಂಡು ಹಕ್ಕಿಗಳ ಹಿಂದೆ ಬಿದ್ದವರು. 1940ರಲ್ಲಿ ಮೈಸೂರು ಅರಸರು ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದ್ದು ಅವರ ಮಾತು ಕೇಳಿ. ಆ ಹುಡುಗನ ಕೈಯಿಂದ ಏರ್‌ಗನ್ ಕಿತ್ತುಕೊಂಡಿದ್ದರೆ?

ಈಗ ಮೊಳದುದ್ದ ಲೆನ್ಸಿನವರು ಬರುತ್ತಾರೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುತ್ತಾರೆ. ಬೇರೆ ಹಕ್ಕಿಗಳನ್ನು ಸೆಳೆಯಲು ಬೇಟೆಯವರು ಇಡುತ್ತಿದ್ದ ದೀವದ ಹಕ್ಕಿ ಮಾಡುತ್ತಿದ್ದದ್ದೂ ಇದೇ ಅಲ್ವಾ? ಅವರು ಶಿಕಾರಿಗಳು, ಇವರು ಪಕ್ಷಿಪ್ರೇಮಿಗಳು! (ನನ್ನ ಮಗನೂ ಇವರಲ್ಲೊಬ್ಬ, ಮನೆಯಲ್ಲಿ ಜಗಳ ಬೇಡ.) ಅತ್ತ ಹೊಳೆಯಲ್ಲಿ ಮರಳು ಲಾರಿಗಳ ಸಾಲು. ಬಾತು ಕೂರುತ್ತಿದ್ದ ದಿಬ್ಬವನ್ನೇ ತುಂಬಿಕೊಂಡು ಹೋದರು. ಕಳ್ಳಿಬೇಲಿ ಕಿತ್ತು ತಂತಿ ಎಳೆದರು, ಬದುವಿಗೆ ಕಳೆನಾಶಕ ಹೊಡೆದರು. ಗೌಜಲು ಎಲ್ಲಿ ಅಡಗಬೇಕು? ಮಾವನ ಎರಡು ನಳಿಗೆಯಿಂದ ಇಷ್ಟೆಲ್ಲ ಆಗುತ್ತಿತ್ತೇ? ಲಾರಿಯ ಬಗ್ಗೆ ಮಾತ್ರ ಈ ಕಚೇರಿಗೆ ಒಂದು ಪತ್ರವೂ ಬಂದಿಲ್ಲ.

ನಿಮ್ಮ ಅಕ್ಷರ ಮುದ್ದಾಗಿದೆ, ಕೋಪವೂ ಪ್ರಾಮಾಣಿಕ. ಒಂದು ದಿನ ಬೆಳಗ್ಗೆ ಐದಕ್ಕೆ ಹರಿಹರದ ಹೊಳೆಗೆ ಹೋಗಿ ಸುಮ್ನೆ ಕೂತುಕೊಳ್ಳಿ. ಯಾವ ಯಾವ ಹಕ್ಕಿ ಕೂಗಿತು ಅಂತ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇನೆ.
– ಸಂ.