ಅರ್ಧ ವ್ಯಾಟ್ ಸಾಲಲ್ವಾ? ಮೊದಲು ವೈರ್ ತೋರಿಸಿ

ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋ) ಸೆಟ್ಟಿನ ಪವರ್ ಜಾಸ್ತಿ ಮಾಡುವುದು ಹೇಗೆ ಎಂದು ಕೇಳಿ ಈ ಸಲವೂ ರಾಶಿ ಪತ್ರ ಬಂದಿವೆ. ಪಾಂಡವಪುರದ ಒಬ್ಬರದ್ದನ್ನು ಎತ್ತಿಕೊಂಡಿದ್ದೇನೆ. ಉಳಿದವರು ತಮ್ಮ ಉತ್ತರವನ್ನೂ ಇದರಲ್ಲೇ ಹುಡುಕಿಕೊಳ್ಳಿ.

ಪ್ರಶ್ನೆ: ಹ್ಯಾಮ್ ಲೈಸೆನ್ಸ್ ಇದೆ. 7 ಮೆಗಾಹರ್ಟ್ಸ್‌ನ ಪಿಕ್ಸಿ ಕಿಟ್ (ಅರ್ಧ ವ್ಯಾಟಿನ ಪುಟ್ಟ ಮೋರ್ಸ್ ಸೆಟ್) ಜೋಡಿಸಿದ್ದೇನೆ. ಟೆರೇಸಿನಲ್ಲಿ ಬಟ್ಟೆ ಒಣಹಾಕುವ ಕಂಬಗಳ ನಡುವೆ ಆ್ಯಂಟೆನಾಕ್ಕೆಂದು 12 ಅಡಿ ವೈರ್ ಕಟ್ಟಿದ್ದೇನೆ. ಟ್ಯೂನರ್ (ಆ್ಯಂಟೆನಾವನ್ನು ಸೆಟ್ಟಿಗೆ ಹೊಂದಿಸುವ ಪೆಟ್ಟಿಗೆ) ಹಾಕಿದರೆ ಎಸ್‌ಡಬ್ಲ್ಯೂಆರ್ (ಪವರ್ ಎಷ್ಟು ವಾಪಸ್ ಬರುತ್ತಿದೆ ಎನ್ನುವ ಅಳತೆ) 1:1, ಅಂದರೆ ಏನೂ ವಾಪಸಿಲ್ಲ ಎಂದು ಬರುತ್ತದೆ. ತಿಂಗಳಿಂದ ಮೋರ್ಸ್ ಕಳಿಸುತ್ತಿದ್ದರೂ ಯಾರೂ ಉತ್ತರಿಸುತ್ತಿಲ್ಲ. ಆಂಪ್ಲಿಫೈಯರ್ ಕೊಳ್ಳಲೇ?

ಉತ್ತರ: ಬೇಡ. ಅರ್ಧ ವ್ಯಾಟನ್ನು 5 ವ್ಯಾಟ್ ಮಾಡಿದರೂ ಕೇಳುವವರ ಮೀಟರಿನಲ್ಲಿ ಎರಡು ಎಸ್-ಯೂನಿಟ್ (ಸಿಗ್ನಲ್ ಬಲದ ಅಳತೆ) ಕೂಡ ಏರುವುದಿಲ್ಲ. ಆ ದುಡ್ಡನ್ನು ತಾಮ್ರದ ವೈರಿಗೆ ಹಾಕಿ.

1:1 ನೋಡಿ ಹಿಗ್ಗಬೇಡಿ. ಒಂದು ಡಮ್ಮಿ ಲೋಡ್ (ಪವರನ್ನು ಬರೀ ಬಿಸಿಯಾಗಿ ಕಳೆಯುವ ರೆಸಿಸ್ಟರ್) ಜೋಡಿಸಿ ನೋಡಿ, ಅದೂ 1:1 ತೋರಿಸುತ್ತದೆ. ಅದರಿಂದ ಯಾರ ಜೊತೆ ಮಾತಾಡುತ್ತೀರಿ? ಟ್ಯೂನರ್ ಟ್ರಾನ್ಸ್‌ಮಿಟರನ್ನು ಸಮಾಧಾನ ಮಾಡುತ್ತದೆ, ವೈರನ್ನು ಉದ್ದ ಮಾಡುವುದಿಲ್ಲ. 7 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡೂ ಕಡೆ ಸಮ ಉದ್ದದ ವೈರ್ ಆ್ಯಂಟೆನಾ) ಎಂದರೆ ಒಟ್ಟು ಸುಮಾರು 66 ಅಡಿ. ಒಂದೊಂದು ಕಡೆಗೆ 34 ಅಡಿ ಕತ್ತರಿಸಿ, ಆಮೇಲೆ ಎರಡೂ ತುದಿ ಸಮನಾಗಿ ಮೊಟಕು ಮಾಡುತ್ತಾ ಬನ್ನಿ. ನಡುವನ್ನು 25–30 ಅಡಿ ಎತ್ತರಕ್ಕೆ ಏರಿಸಿ, ತುದಿಗಳನ್ನು ಇಳಿಬಿಟ್ಟರೂ ನಡೆಯುತ್ತದೆ. ನಿಮ್ಮ ಕಡೆ ತೆಂಗಿನ ಮರಕ್ಕೇನು ಬರ? ಆದರೆ ಮರ ಗಾಳಿಗೆ ತೂಗುತ್ತದೆ, ವೈರ್ ಕಿತ್ತುಹೋಗುತ್ತದೆ. ಒಂದು ತುದಿಗೆ ರಾಟೆ ಹಾಕಿ, ಹಗ್ಗಕ್ಕೆ ಇಟ್ಟಿಗೆ ಕಟ್ಟಿ ನೇತುಬಿಡಿ. ಕರೆಂಟಿನ ಲೈನ್ ಹತ್ತಿರ ಮಾತ್ರ ಬೇಡವೇ ಬೇಡ. ವೈರ್ ಕಿತ್ತು ಬಿದ್ದರೂ ಲೈನಿಗೆ ತಾಗಬಾರದು, ಅಷ್ಟು ದೂರ ಇರಲಿ.

ಇನ್ನು ಆ ಅರ್ಧ ವ್ಯಾಟ್ ನಿಜವಾಗಿ ಬರುತ್ತಿದೆಯೇ? 1 ಕಿಲೋ ಓಮ್‌ನ ಕಾಲು ವ್ಯಾಟ್ ಕಾರ್ಬನ್ ರೆಸಿಸ್ಟರ್ 20 ತಂದು ಸಮಾಂತರ ಜೋಡಿಸಿ. 50 ಓಮ್, 5 ವ್ಯಾಟಿನ ಡಮ್ಮಿ ಲೋಡ್ ಸಿದ್ಧ. ವೈರ್ ಸುತ್ತಿದ ರೆಸಿಸ್ಟರ್ ಬೇಡ, ಅದು ಕಾಯಿಲ್‌ನಂತೆ ವರ್ತಿಸುತ್ತದೆ. ಈ ಲೋಡಿಗೆ ಒಂದು 1ಎನ್4148 ಡಯೋಡ್, ಒಂದು ಕೆಪಾಸಿಟರ್ ಹಾಕಿ ಮಲ್ಟಿಮೀಟರ್‌ನಲ್ಲಿ ಡಿಸಿ ಅಳೆಯಿರಿ. ಡಯೋಡ್ ನುಂಗುವ ಅರ್ಧ ವೋಲ್ಟ್ ಸೇರಿಸಿ 7 ವೋಲ್ಟ್ ಬಂದರೆ ಅರ್ಧ ವ್ಯಾಟ್, 10 ಬಂದರೆ 1 ವ್ಯಾಟ್.

ಪಿಕ್ಸಿಯದ್ದೇ ಇನ್ನೊಂದು ಕಿತಾಪತಿ ಇದೆ. ಫ್ರೀಕ್ವೆನ್ಸಿ ನಿರ್ಧರಿಸುವ ಕ್ರಿಸ್ಟಲ್ ಒಂದೇ, ಕಳಿಸುವುದೂ ಕೇಳುವುದೂ ಹೆಚ್ಚುಕಡಿಮೆ ಒಂದೇ ಫ್ರೀಕ್ವೆನ್ಸಿಯಲ್ಲಿ. ಉತ್ತರಿಸುವವರು ಸರಿಯಾಗಿ ನಿಮ್ಮ ಫ್ರೀಕ್ವೆನ್ಸಿಯ ಮೇಲೆಯೇ ಬಂದು ಕೂತರೆ ನಿಮಗೆ ಸ್ವರವೇ ಕೇಳಿಸುವುದಿಲ್ಲ. ಹಾಗಾಗಿ ಉತ್ತರ ಬಂದೂ ನಿಮಗೆ ಗೊತ್ತಾಗದಿರಬಹುದು. ಕಾಲ್‌ಸೈನ್ (ಲೈಸೆನ್ಸಿನ ಜೊತೆ ಕೊಟ್ಟ ಗುರುತು) ಸಮೇತ ಎರಡು ಮೂರು ಸಲ ಸಿಕ್ಯೂ ('ಯಾರಾದರೂ ಉತ್ತರಿಸಿ' ಎನ್ನುವ ಕರೆ) ಕಳಿಸಿ, ರಿವರ್ಸ್ ಬೀಕನ್ ನೆಟ್‌ವರ್ಕ್ ವೆಬ್‌ಸೈಟಿನಲ್ಲಿ ನೋಡಿ. ಯಾವುದಾದರೂ ಸ್ವಯಂಚಾಲಿತ ರಿಸೀವರ್ ಹಿಡಿದಿದ್ದರೆ ಅಲ್ಲಿ ನಿಮ್ಮ ಕಾಲ್‌ಸೈನ್ ಬಂದಿರುತ್ತದೆ.

ಆಂಪ್ಲಿಫೈಯರ್ ಬೇಡ ಎನ್ನಲು ಇನ್ನೊಂದು ಕಾರಣ. ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಸರಿಯಿಲ್ಲದಿದ್ದರೆ 14, 21 ಮೆಗಾಹರ್ಟ್ಸ್‌ನ ಕಸವೂ ಜೊತೆಗೇ ದೊಡ್ಡದಾಗುತ್ತದೆ. 'ಬೂಸ್ಟರ್' ಮಾರುವವರು ಇದನ್ನು ಹೇಳುವುದಿಲ್ಲ, ಹೇಳಿದರೆ ಮಾಲು ಹೋಗಬೇಕಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ್ದು 30 ವ್ಯಾಟಿನಿಂದ. ಅದು ಪ್ರಸಾರ ಕೇಂದ್ರ! ನಿಮ್ಮದು ಬರೀ ಮೋರ್ಸ್. ಮೋರ್ಸ್‌ಗೆ ಬೇಕಾದ್ದು ಅದಕ್ಕಿಂತ ಎಷ್ಟೋ ಕಡಿಮೆ.

ಪ್ರಶ್ನೆ: 1 ವ್ಯಾಟಿಗಿಂತ ಕಡಿಮೆಯಾದರೆ ಹ್ಯಾಮ್ ಬ್ಯಾಂಡಿಗೆ ಲೈಸೆನ್ಸ್ ಬೇಡವಂತೆ? (ಮೈಸೂರು)
ಉತ್ತರ: ಬೇಕು. 'ಅಂತೆ' ಎಂದವರನ್ನೇ ಮೊದಲು ಪರೀಕ್ಷೆಗೆ ಕೂರಿಸಿ.

ಪ್ರಶ್ನೆ: ಊರ ಹಬ್ಬದ ಹರಿಕಥೆಯನ್ನು ಹ್ಯಾಮ್ ಸೆಟ್‌ನಲ್ಲಿ ಪ್ರಸಾರ ಮಾಡಬಹುದೇ? (ಮದ್ದೂರು)
ಉತ್ತರ: ಇಲ್ಲ. ಮೈಕ್ ಸೆಟ್ ಬಾಡಿಗೆಗೆ ತನ್ನಿ.

ಪ್ರಶ್ನೆ: ಕಾಯಿಲ್ ಸುತ್ತಲು ಟೊರಾಯ್ಡ್ (ಉಂಗುರದಂಥ ಕೋರ್) ಇಲ್ಲಿ ಸಿಗುತ್ತಿಲ್ಲ. (ಕೆ.ಆರ್. ನಗರ)
ಉತ್ತರ: ಹೈದರಾಬಾದಿನ ಅಶರ್ ಫರ್ಹಾನ್ ತಾವು ರೂಪಿಸಿದ ಹ್ಯಾಮ್ ಸೆಟ್ ಬಿಟ್‌ಎಕ್ಸ್‌ನ ಕಾಯಿಲ್‌ಗಳನ್ನು ನಲ್ಲಿಯ ವಾಷರ್ ಮೇಲೆ ಸುತ್ತಿ ತೋರಿಸಿದ್ದಾರೆ. ಹಾರ್ಡ್‌ವೇರ್ ಅಂಗಡಿ ನಿಮ್ಮೂರಲ್ಲೂ ಇದೆ ಅಲ್ವಾ? ಸುತ್ತುಗಳ ಲೆಕ್ಕ ಮಾತ್ರ ಬದಲಾಗುತ್ತದೆ, ಅಳೆದು ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ಆ್ಯಂಟೆನಾ ಬಿಚ್ಚಲೇಬೇಕೇ? (ಶ್ರೀರಂಗಪಟ್ಟಣ)
ಉತ್ತರ: ಮಳೆಗಾಲದವರೆಗೆ ಯಾಕೆ ಕಾಯುತ್ತೀರಿ? ಭರಣಿ ಮಳೆಯ ಗುಡುಗು ಕೇಳುವ ಮೊದಲೇ ಕೇಬಲ್ ಕಿತ್ತು ಮನೆಯಿಂದ ಹೊರಗೆ ಹಾಕಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲೂ ಬೇಡಿ. ಹೀಗೆ 'ಇನ್ನೊಂದೇ ಕಾಲ್' ಎಂದು ಕೂತು ನಾನು ಎರಡು ಸೆಟ್ ಕಳೆದುಕೊಂಡಿದ್ದೇನೆ.